ಮೊದಲ ಪಂದ್ಯದಲ್ಲೇ ನೋ-ಹಿಟ್ಟರ್, ಮುಂದಿನ ವರ್ಷವೇ ಆಟ ಖಾಲಿ: ಬಂಪಸ್ ಜೋನ್ಸ್‌ಗೆ ಆಗಿದ್ದಾದರೂ ಎಂತ?

ಸಾಗರದ ಮಾಣಿ ಕೇಳಿದ್ದು:

ಕ್ರಿಕೆಟ್ ಮಾತಾಡುವ ಜಾಗದಲ್ಲಿ ಬೇಸ್‌ಬಾಲ್ ಪ್ರಶ್ನೆ ತಂದಿದ್ದೇನೆ, ಬಯ್ಯಬೇಡಿ.

ನನ್ನ ಅಕ್ಕ-ಭಾವ ಇರುವುದು ಅಮೆರಿಕದ ಸಿನ್ಸಿನಾಟಿಯಲ್ಲಿ. ಅಕ್ಕನ ಮಗನಿಗೆ ಹನ್ನೊಂದು ವರ್ಷ. ಅವರಿಗೆ ಬೇಸಿಗೆ ರಜೆ, ನಮಗೆ ಆರಿದ್ರೆ ಮಳೆ. ರಜೆಗೆ ಬಂದ ಹುಡುಗ ಹತ್ತು ದಿನ ಅಂಗಳಕ್ಕೆ ಇಳಿಯಲಿಲ್ಲ. ಕರೆಂಟ್ ಬೇರೆ ಇಲ್ಲ. ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿನ್ನುತ್ತಾ ತನ್ನೂರಿನ ತಂಡದ ಕತೆ ಹೇಳುತ್ತಿದ್ದ. ತಂಡದ ಹೆಸರು ರೆಡ್ಸ್. ಅದರಲ್ಲಿ ಒಂದು ಕತೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಚಾರ್ಲ್ಸ್ ಲಿಯಾಂಡರ್ ಜೋನ್ಸ್ ಅಂತ ಒಬ್ಬ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಎಲ್ಲರೂ ಕರೆಯುತ್ತಿದ್ದುದು ಬಂಪಸ್ ಜೋನ್ಸ್ ಅಂತ. ಒಹಾಯೋದ ಸೀಡರ್‌ವಿಲ್ ಅನ್ನುವ ಹಳ್ಳಿಯವನು, ಹುಟ್ಟಿದ್ದು 1870ರ ಜನವರಿ 1ಕ್ಕೆ. 1892ರ ಅಕ್ಟೋಬರ್ 15, ಸೀಸನ್‌ನ ಕೊನೆಯ ದಿನ. ಅವತ್ತು ಸಿನ್ಸಿನಾಟಿ ಅವನನ್ನು ಮೊದಲ ಸಲ ಕಣಕ್ಕೆ ಇಳಿಸಿತು. ಎದುರಿಗೆ ಪಿಟ್ಸ್‌ಬರ್ಗ್. ಒಂಬತ್ತು ಇನಿಂಗ್ಸ್ ಪೂರ್ತಿ ಅವನೇ ಎಸೆದ. ಇನಿಂಗ್ಸಿಗೆ ಮೂರರಂತೆ ಇಪ್ಪತ್ತೇಳು ಔಟ್ ಆಯಿತು, ಒಬ್ಬರಿಗೂ ಸರಿಯಾದ ಒಂದು ಹೊಡೆತ ಸಿಗಲಿಲ್ಲ. ಇದಕ್ಕೆ ನೋ-ಹಿಟ್ಟರ್ ಅನ್ನುತ್ತಾರಂತೆ. ನಾಲ್ಕು ಜನರಿಗೆ ವಾಕ್ (ಕೆಟ್ಟ ಎಸೆತ ಜಾಸ್ತಿಯಾದರೆ ಬ್ಯಾಟರ್ ಪುಕ್ಕಟೆ ಮುಂದೆ ಹೋಗುವುದು) ಕೊಟ್ಟ, ಫೀಲ್ಡರ್ ಒಬ್ಬ ಎಡವಿದ, ಹಾಗಾಗಿ ಒಂದು ರನ್ ಹೋಯಿತು ಅಷ್ಟೆ. ರೆಡ್ಸ್ 7-1ರಲ್ಲಿ ಗೆದ್ದಿತು. ಮೇಜರ್ ಲೀಗ್‌ನಲ್ಲಿ, ಅಂದರೆ ಅಲ್ಲಿನ ಅತಿ ದೊಡ್ಡ ಮಟ್ಟದ ಬೇಸ್‌ಬಾಲ್‌ನಲ್ಲಿ, ಕಾಲಿಟ್ಟ ಮೊದಲ ಪಂದ್ಯದಲ್ಲೇ ನೋ-ಹಿಟ್ಟರ್ ಎಸೆದವನು ಇವತ್ತಿನವರೆಗೂ ಇವನೊಬ್ಬನೇ.

ಮುಂದಿನ ವರ್ಷ ನೋಡಿ. 1893ರಲ್ಲಿ ಏಳು ಪಂದ್ಯ. ಒಂದು ಗೆಲುವು, ನಾಲ್ಕು ಸೋಲು. ಒಂಬತ್ತು ಇನಿಂಗ್ಸ್‌ಗೆ ಫೀಲ್ಡರ್‌ಗಳ ತಪ್ಪಿನಿಂದ ಹೋದದ್ದು ಬಿಟ್ಟೇ ಸರಾಸರಿ 10.19 ರನ್ ಬಿಟ್ಟುಕೊಟ್ಟಿದ್ದಾನೆ. ನಡುವೆ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಹೋದ, ಅಲ್ಲಿ ಸಿಕ್ಕಿದ್ದು ಒಂದೇ ಪಂದ್ಯ. ಮೇಜರ್ ಲೀಗ್‌ಗೆ ಮತ್ತೆ ಬರಲೇ ಇಲ್ಲ. ಒಟ್ಟು ಎಂಟು ಪಂದ್ಯ, ಎರಡು ಗೆಲುವು, ನಾಲ್ಕು ಸೋಲು.

ಹುಡುಗ ಹೇಳುವ ಕಾರಣ ಇದು: ಆ ಚಳಿಗಾಲದಲ್ಲಿ ನಿಯಮ ಬದಲಾಯಿತು. 50 ಅಡಿ ಇದ್ದ ಎಸೆತದ ದೂರವನ್ನು 60 ಅಡಿ 6 ಇಂಚಿಗೆ ಏರಿಸಿದರು, ಪಾಪ ಅವನ ಕೈ ಕೆಟ್ಟಿತು.

ನನಗೆ ಇದು ಪೂರ್ತಿ ಜೀರ್ಣ ಆಗುತ್ತಿಲ್ಲ. ದೂರ ಎಲ್ಲರಿಗೂ ಜಾಸ್ತಿ ಆಯಿತಲ್ಲ? ಇವನೊಬ್ಬನೇ ಯಾಕೆ ಮುಳುಗಬೇಕು? ಅವತ್ತಿನ ಆಟ ಬರೀ ಅದೃಷ್ಟವಾ, ಅಥವಾ ನಿಜವಾಗಿ ಅಂಗಳವೇ ಅವನ ಕಾಲಡಿಯಿಂದ ಸರಿಯಿತಾ? ಬಲ್ಲವರು ಹೇಳಿ.

ಪೇಪರ್‌ಟೌನ್ ಪಡ್ಡೆ:

ಭದ್ರಾವತಿಯವನಾಗಿ ನಾನು ಒಂದೇ ಹೆಸರು ಹೇಳುತ್ತೇನೆ. ನಮ್ಮ ವಿಶಿ. ಜಿ.ಆರ್. ವಿಶ್ವನಾಥ್, 1969, ಕಾನ್ಪುರ, ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರಿಗಿಂತ ಮುಂಚೆ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದ ಭಾರತೀಯರು ಐದು ಜನ ಇದ್ದರು. ಐವರಲ್ಲಿ ಒಬ್ಬರೂ ಮತ್ತೊಂದು ಟೆಸ್ಟ್ ಶತಕ ಹೊಡೆಯಲಿಲ್ಲ! ದೀಪಕ್ ಶೋಧನ್ ಅಂತೂ ಮೂರೇ ಟೆಸ್ಟ್ ಆಡಿ ಮನೆಗೆ ಹೋದರು. ಅದೊಂದು ಶಾಪ ಅನ್ನುವ ಹಾಗೆ ಜನ ಮಾತಾಡುತ್ತಿದ್ದರಂತೆ. ವಿಶಿ ಹದಿನಾಲ್ಕು ಶತಕ ಹೊಡೆದು ಆ ಮಾತು ನಿಲ್ಲಿಸಿದರು.

ನನ್ನ ಅಭಿಪ್ರಾಯ ಕೇಳಿದರೆ ನಿಮ್ಮ ಬಂಪಸ್‌ಗೆ ಅವತ್ತು ಲಾಟರಿ ಹೊಡೆಯಿತು. ಸ್ಪಿನ್ನರ್ ನರೇಂದ್ರ ಹಿರ್ವಾನಿ ನೋಡಿ, 1988ರಲ್ಲಿ ಮದ್ರಾಸಿನಲ್ಲಿ ಮೊದಲ ಟೆಸ್ಟಿಗೇ 16 ವಿಕೆಟ್. ಕೊನೆಗೆ ಎಷ್ಟು ಟೆಸ್ಟ್ ಆಡಿದರು? ಹದಿನೇಳು.

ಹೊಸನಗರ ಎಕ್ಸ್‌ಪ್ರೆಸ್:

ಆ 6 ಇಂಚಿನ ಕತೆ ಯಾರಿಗೂ ಗೊತ್ತಿಲ್ವಾ? ನಕ್ಷೆಯಲ್ಲಿ 60 ಅಡಿ 0 ಇಂಚು ಅಂತ ಬರೆದಿದ್ದರು. ಅಳೆಯುವವನು ಸೊನ್ನೆಯನ್ನು ಆರು ಅಂತ ಓದಿಕೊಂಡ. ಅದೇ ನಿಂತುಹೋಯಿತು. ನಮ್ಮ ಕಡೆ ಜಮೀನು ಸರ್ವೆ ಆದ ಹಾಗೆ.

ತುಂಗಾತೀರದ ಪಿಟಿ ಮೇಷ್ಟ್ರು:

ಎಕ್ಸ್‌ಪ್ರೆಸ್ ಸ್ವಾಮಿ, ಸರ್ವೆ ಜೋಕು ಚೆನ್ನಾಗಿದೆ, ಕತೆ ಮಾತ್ರ ಸುಳ್ಳು. ಆ ಆರು ಇಂಚಿಗೆ ಸರಿಯಾದ ಲೆಕ್ಕ ಇದೆ. ಅದರಲ್ಲೇ ಮಾಣಿಯ ಪ್ರಶ್ನೆಗೆ ಅರ್ಧ ಉತ್ತರವೂ ಇದೆ. ಮೂವತ್ತು ವರ್ಷ ಮಕ್ಕಳಿಗೆ ಸೀಟಿ ಊದಿದವನು ನಾನು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1893ಕ್ಕಿಂತ ಮುಂಚೆ ಪಿಚರ್ ನಿಲ್ಲುತ್ತಿದ್ದದ್ದು ಒಂದು ಚೌಕದೊಳಗೆ. ಸುಣ್ಣದಲ್ಲಿ ಗೆರೆ ಹಾಕಿದ ಪೆಟ್ಟಿಗೆ ಅಂತ ಇಟ್ಟುಕೊಳ್ಳಿ. ನಾಲ್ಕು ಅಡಿ ಅಗಲ, ಐದೂವರೆ ಅಡಿ ಉದ್ದ. 50 ಅಡಿ ಅನ್ನುವುದು ಆ ಪೆಟ್ಟಿಗೆಯ ಮುಂದಿನ ಗೆರೆಯಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ವರೆಗಿನ ಅಳತೆ. ಆದರೆ 1887ರಿಂದ ಪಿಚರ್ ಒಂದು ಕಾಲನ್ನು ಹಿಂದಿನ ಗೆರೆಯ ಮೇಲೆ ಇಟ್ಟೇ ಎಸೆಯಬೇಕಿತ್ತು. 50ಕ್ಕೆ ಐದೂವರೆ ಸೇರಿಸಿ. 55 ಅಡಿ 6 ಇಂಚು. 1893ರಲ್ಲಿ ಪೆಟ್ಟಿಗೆ ತೆಗೆದುಹಾಕಿ, 12 ಇಂಚು ಉದ್ದ 4 ಇಂಚು ಅಗಲದ ಒಂದು ರಬ್ಬರ್ ಪಟ್ಟಿ ಹುಗಿದರು. ಹಳೆಯ ಹಿಂದಿನ ಗೆರೆಯಿಂದ ಸರಿಯಾಗಿ ಐದು ಅಡಿ ಹಿಂದಕ್ಕೆ. 60 ಅಡಿ 6 ಇಂಚು ಬಂತಾ? ಆರು ಇಂಚು ಮೊದಲೇ ಇತ್ತು, ಯಾರೂ ತಪ್ಪು ಓದಲಿಲ್ಲ.

ಅಂದರೆ ಬಂಪಸ್‌ಗೆ ಜಾಸ್ತಿ ಆದದ್ದು ಹತ್ತೂವರೆ ಅಡಿ ಅಲ್ಲ, ಐದು ಅಡಿ.

ಐದೇ ಅಡಿಯಾ ಅಂತ ಮೂಗು ಮುರಿಯಬೇಡಿ. ಗಂಟೆಗೆ 130 ಕಿಲೋಮೀಟರ್ ವೇಗದ ಚೆಂಡಿಗೆ ಐದು ಅಡಿ ದಾಟಲು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಬೇಕು. ಚೆಂಡು ಕೈಯಿಂದ ಪ್ಲೇಟಿಗೆ ಬರುವ ಒಟ್ಟು ಸಮಯವೇ ಅರ್ಧ ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ನೋಡಬೇಕು, ತೀರ್ಮಾನ ಮಾಡಬೇಕು, ಬೀಸಬೇಕು. ಆ ನಾಲ್ಕು ಪಾಲು ಬ್ಯಾಟರ್‌ಗೆ ಪುಕ್ಕಟೆ ಸಿಕ್ಕಿದ ಹಣ. ಬೇಕಂತಲೇ ಕೊಟ್ಟದ್ದು ಅದು. 1892ರಲ್ಲಿ ಲೀಗಿನ ಬ್ಯಾಟಿಂಗ್ ಸರಾಸರಿ .245ಕ್ಕೆ, ಅಂದರೆ ಸಾವಿರ ಸಲ ಬ್ಯಾಟಿಗೆ ನಿಂತರೆ 245 ಹಿಟ್‌ಗೆ, ಇಳಿದಿತ್ತು. ರನ್ ಬರದ ಆಟಕ್ಕೆ ಜನ ಯಾಕೆ ದುಡ್ಡು ಕೊಟ್ಟು ಬರುತ್ತಾರೆ? 1893ರಲ್ಲಿ ಅದೇ ಸರಾಸರಿ .280.

ಇನ್ನು ಗುರಿಯ ವಿಷಯ. ನಿಮ್ಮಲ್ಲಿ ಅಡಿಕೆ ಕೊಯ್ಲಿನಲ್ಲಿ ನೇಣು ಹಿಡಿದವರು ಇದ್ದೀರಾ? ಕೊಯ್ಯುವ ಕೊನೆಗೌಡ ಮರದ ತಲೆಯಲ್ಲಿ ಕೂತು ನೇಣಿಗೆ, ಅಂದರೆ ಹಗ್ಗಕ್ಕೆ, ಅಡಿಕೆ ಕೊನೆ (ಗೊನೆ) ಬಿಡುತ್ತಾನೆ. ಕೆಳಗೆ ನೀವು ಹಗ್ಗದ ತುದಿ ಹಿಡಿದು ನಿಂತಿರುತ್ತೀರಿ. ಐದು ಅಡಿ ಹಿಂದೆ ಸರಿದು ನಿಲ್ಲಿ ನೋಡೋಣ. ಹಗ್ಗದ ಓರೆ ಬದಲಾಯಿತು, ಕೊನೆ ಜಾರಿ ಬರುವ ವೇಗ ಬದಲಾಯಿತು, ನಿಮ್ಮ ಕೈ ಅಭ್ಯಾಸದಂತೆ ಹಳೆಯ ಲೆಕ್ಕಕ್ಕೇ ಚಾಚುತ್ತದೆ. ಪಿಚರ್‌ಗೂ ಹಾಗೆಯೇ. ಕರ್ವ್ ಎಸೆತ ತಿರುಗಿ ಇಳಿಯುವ ಜಾಗ ಅವನ ಮೈಗೆ ಗೊತ್ತಿರುತ್ತದೆ, ತಲೆಗಲ್ಲ. 55ಕ್ಕೆ ಪ್ಲೇಟಿನ ಅಂಚು ಸವರುತ್ತಿದ್ದ ಚೆಂಡು 60ಕ್ಕೆ ಅಂಚು ಬಿಟ್ಟು ಹೊರಗೆ ಇಳಿಯುತ್ತದೆ. ಹೊರಗೆ ಬಿದ್ದರೆ ವಾಕ್. ವಾಕ್‌ಗೆ ಹೆದರಿ ಮೆತ್ತಗೆ ನಡುವಿಗೆ ಎಸೆದರೆ ಹೊಡೆತ. 1889ರಿಂದ ನಾಲ್ಕು ಕೆಟ್ಟ ಎಸೆತಕ್ಕೇ ವಾಕ್ ಆಗಿತ್ತು. ಅದಕ್ಕೂ ಮುಂಚೆ ಇದ್ದಷ್ಟು ಸಲಿಗೆ ಪಿಚರ್‌ಗೆ ಇರಲಿಲ್ಲ.

ದೂರ ಎಲ್ಲರಿಗೂ ಜಾಸ್ತಿ ಆಯಿತಲ್ಲ ಅಂತ ಮಾಣಿ ಕೇಳಿದ್ದು ಸರಿಯಾದ ಪ್ರಶ್ನೆ. ಸೈ ಯಂಗ್ ಕೂಡ ಒಹಾಯೋದವನೇ, ಹೊಲದಲ್ಲಿ ಬೆಳೆದ ಹುಡುಗ. 1890ರಲ್ಲಿ ಬಂದ, ದೂರ ಬದಲಾದದ್ದನ್ನು ನುಂಗಿಕೊಂಡ, 1911ರವರೆಗೆ ಎಸೆದು 511 ಪಂದ್ಯ ಗೆದ್ದ. ಆ ಲೆಕ್ಕದ ಹತ್ತಿರ ಇವತ್ತಿಗೂ ಯಾರೂ ಸುಳಿದಿಲ್ಲ. ನ್ಯೂಯಾರ್ಕಿನ ಏಮಸ್ ರೂಸಿ ಇನ್ನೊಬ್ಬ. ಬೆಂಕಿ ವೇಗ, ಲಂಗುಲಗಾಮಿಲ್ಲದ ಕೈ. 1890ರ ಒಂದೇ ಸೀಸನ್‌ನಲ್ಲಿ 289 ವಾಕ್ ಕೊಟ್ಟಿದ್ದಾನೆ! ಇವನ ಎಸೆತಕ್ಕೆ ಹೆದರಿಯೇ ದೂರ ಹೆಚ್ಚಿಸಿದರು ಅಂತಲೂ ಹೇಳುತ್ತಾರೆ. ತಮಾಷೆ ಏನು ಅಂದರೆ, ಹೆಚ್ಚಿಸಿದ ಮೇಲೂ 1893ರಲ್ಲಿ ಅತಿ ಹೆಚ್ಚು ಸ್ಟ್ರೈಕ್‌ಔಟ್ (ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟಾಗುವುದು) ಮಾಡಿದವನು ಅವನೇ. ಬಂಪಸ್ ನ್ಯೂಯಾರ್ಕಿಗೆ ಹೋದಾಗ ಪಕ್ಕದಲ್ಲಿ ಕೂತಿದ್ದದ್ದು ಇಂಥ ಮನುಷ್ಯ. ಹೊಸಬನಿಗೆ ಎರಡನೇ ಅವಕಾಶ ಎಲ್ಲಿಂದ ಬರಬೇಕು?

ಇಲ್ಲಿ ವ್ಯತ್ಯಾಸ ಇಷ್ಟೇ. ಸೈ ಯಂಗ್ ಹತ್ತು ಪಂದ್ಯ ಸೋತರೂ ತಂಡ ಕಾಯುತ್ತಿತ್ತು, ಹೆಸರು ಮಾಡಿ ಆಗಿತ್ತು. ಬಂಪಸ್‌ನ ಹತ್ತಿರ ಇದ್ದದ್ದು ಒಂದು ಪಂದ್ಯದ ಹೆಸರು. ಅವನು ಮೇಜರ್ ಲೀಗ್‌ನಲ್ಲಿ ಒಟ್ಟು ಎಸೆದದ್ದು 41 ಇನಿಂಗ್ಸ್, ಮೇಲೆ ಎರಡು ಔಟ್. ಲೆಕ್ಕ ಹಾಕಿ, 125 ಔಟ್. ಅದರಲ್ಲಿ 27 ಮೊದಲ ದಿನವೇ ಖರ್ಚಾಗಿದೆ.

ಪೇಪರ್‌ಟೌನ್ ತಮ್ಮಾ, ಲಾಟರಿ ಅಂದೆಯಲ್ಲ. ಕೊನೆಯ ದಿನ, ಅಕ್ಟೋಬರ್ ಮಧ್ಯ, ಎದುರಾಳಿಗಳ ಮನಸ್ಸು ಆಗಲೇ ಮನೆಗೆ ಹೋಗಿರಬಹುದು. ಅಷ್ಟು ಒಪ್ಪುತ್ತೇನೆ. ಆದರೆ ಲಾಟರಿಯಲ್ಲಿ ಇಪ್ಪತ್ತೇಳು ಔಟ್ ಬರುವುದಿಲ್ಲ.

ನನ್ನದೇ ಒಂದು ಹೇಳಿ ಮುಗಿಸುತ್ತೇನೆ. ನಾನು ಕಾಲೇಜಿನಲ್ಲಿ ಎಡಗೈ ಸ್ಪಿನ್ನರ್. ಆಗ ನಮಗೆಲ್ಲ ಮ್ಯಾಟಿಂಗ್ ಮೇಲೆ ಆಟ. ತೆಂಗಿನ ನಾರಿನ ಚಾಪೆ, ನಾಲ್ಕೂ ಬದಿ ಮೊಳೆ ಹೊಡೆದು ಬಿಗಿಯುವುದು. ಬೆಳಿಗ್ಗೆ ಎಳೆದು ಕಟ್ಟುವ ಕೆಲಸವೂ ನಮ್ಮದೇ. ಚಾಪೆಯ ಮೇಲೆ ಚೆಂಡು ಹಾವಿನ ಹಾಗೆ ತಿರುಗುತ್ತದೆ, ಎದೆಮಟ್ಟ ಏಳುತ್ತದೆ. ಶಿವಮೊಗ್ಗದ ನೆಹರೂ ಮೈದಾನದಲ್ಲಿ ಒಂದು ಭಾನುವಾರ ಏಳು ವಿಕೆಟ್ ತೆಗೆದೆ. ಮೂರು ವಾರದಲ್ಲಿ ಬೆಂಗಳೂರಿಗೆ ಆಯ್ಕೆ ಪಂದ್ಯಕ್ಕೆ ಕರೆ ಬಂತು. ರಾತ್ರಿ ಬಸ್ಸು, ನಿದ್ದೆ ಇಲ್ಲ. ಹೋಗಿ ನೋಡಿದರೆ ಹುಲ್ಲು ಕತ್ತರಿಸಿ ರೋಲರ್ ಹೊಡೆದ ಮಣ್ಣಿನ ಪಿಚ್. ಜೀವನದಲ್ಲಿ ಮೊದಲ ಸಲ ಅದರ ಮೇಲೆ ಕಾಲಿಟ್ಟದ್ದು. ಅದೇ ಕೈ, ಅದೇ ಬೆರಳು. ಚೆಂಡು ಮಾತ್ರ ಮೇಜಿನ ಮೇಲೆ ಉರುಳಿಸಿದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಹದಿನಾಲ್ಕು ಓವರ್, ವಿಕೆಟ್ ಇಲ್ಲ. ಮತ್ತೆ ಕರೆ ಬರಲಿಲ್ಲ. ಒಂದು ತಿಂಗಳು ಆ ಮಣ್ಣಿನ ಮೇಲೆ ಎಸೆದಿದ್ದರೆ ಕಲಿಯುತ್ತಿದ್ದೆನಾ? ಕಲಿಯುತ್ತಿದ್ದೆ ಅಂತ ಮನೆಯವಳ ಹತ್ತಿರ ಈಗಲೂ ಹೇಳುತ್ತೇನೆ. ಅವಳು ಚಹಾ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಾಳೆ.

ಕೊಪ್ಪದ ಅತ್ತಿಗೆ:

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ, ಅನುಭವಿಸಿದವಳು ನಾನು. ಹೈಸ್ಕೂಲಿನಲ್ಲಿ ಸಾಫ್ಟ್‌ಬಾಲ್ ಪಿಚರ್ ಆಗಿದ್ದೆ. ಮಹಿಳೆಯರ ಸಾಫ್ಟ್‌ಬಾಲ್‌ಗೆ ಅಳತೆ 43 ಅಡಿ. ನಮ್ಮ ಶಾಲೆಯ ಮೈದಾನ ಒಂದು ಕಡೆ ಧರೆ, ಇನ್ನೊಂದು ಕಡೆ ಕಾಫಿ ತೋಟದ ಬೇಲಿ. ಜಾಗ ಸಾಲದೆ 40ಕ್ಕೇ ಗೆರೆ ಹಾಕಿದ್ದರು. ನಮಗದು ಗೊತ್ತೇ ಇರಲಿಲ್ಲ. ಟೂರ್ನಮೆಂಟಿಗೆ ಹೋದೆವು. ನನ್ನ ಮೊದಲ ಐದು ಎಸೆತ ನೆಲಕ್ಕೆ ಬಡಿದು ಕ್ಯಾಚರ್ ಕಾಲಿಗೆ ಹೋದವು. ಅವಳು ಈಗಲೂ ಸಿಕ್ಕಾಗೆಲ್ಲ ಮೊಣಕಾಲು ತೋರಿಸುತ್ತಾಳೆ. ಮೂರೇ ಅಡಿ ಮಾರಾಯ್ರೇ! ಮಧ್ಯಾಹ್ನದ ಹೊತ್ತಿಗೆ ಸರಿಹೋಯಿತು. ಆದರೆ ನಾವು ಸೋತದ್ದು ಬೆಳಿಗ್ಗೆ.

ಬಂಪಸ್ ಆಮೇಲೆ ಎಂತ ಮಾಡಿದ? ಆಟ ಬಿಟ್ಟನಾ?

ತುಂಗಾತೀರದ ಪಿಟಿ ಮೇಷ್ಟ್ರು:

ಇಲ್ಲಮ್ಮ, ಬಿಡಲಿಲ್ಲ. ಕೆಳಗಿನ ಲೀಗ್‌ಗಳಲ್ಲಿ ಹಲವು ವರ್ಷ ಎಸೆದ, ಅದೂ ಹೊಸ ದೂರಕ್ಕೇ. ಕೈ ಕೆಟ್ಟಿದ್ದರೆ ಅಷ್ಟು ವರ್ಷ ಸಂಬಳ ಯಾರು ಕೊಡುತ್ತಾರೆ? ಮಾಣಿಯ ಅಳಿಯನಿಗೆ ಇದೊಂದು ಹೇಳಿ. 1938ರಲ್ಲಿ ಹುಟ್ಟೂರಿನ ಹತ್ತಿರದ ಝೀನಿಯಾದಲ್ಲಿ ತೀರಿಕೊಂಡ.

ಪೇಪರ್‌ಟೌನ್ ಪಡ್ಡೆ:

ಆಯ್ತು ಮೇಷ್ಟ್ರೇ, ಲಾಟರಿ ಮಾತು ವಾಪಸ್. ಆದರೆ ಹಿರ್ವಾನಿ ಮಾತು ವಾಪಸ್ ಇಲ್ಲ. ಅವತ್ತಿನ ಮದ್ರಾಸ್ ಪಿಚ್ ಧೂಳೆದ್ದಿತ್ತು, ಅದೂ ನಿಮ್ಮ ಚಾಪೆ ಕತೆಯೇ ಆಯಿತಲ್ಲ?

ತುಂಗಾತೀರದ ಪಿಟಿ ಮೇಷ್ಟ್ರು:

ಆಯಿತು. ಒಂದು ವಿಕೆಟ್ ನಿನಗೆ.

ಹೊಸನಗರ ಎಕ್ಸ್‌ಪ್ರೆಸ್:

ಇಪ್ಪತ್ತು ವರ್ಷದಿಂದ ಆ ಆರು ಇಂಚಿನ ಕತೆ ಹೇಳಿಕೊಂಡು ಬಂದಿದ್ದೆ. ಇನ್ನು ಮದುವೆ ಮನೆಯಲ್ಲಿ ಎಂತ ಮಾತಾಡಲಿ?

ಸಾಗರದ ಮಾಣಿ:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಉತ್ತರವನ್ನು ಹುಡುಗನಿಗೆ ಓದಿ ಹೇಳಿದೆ. ಐದು ಅಡಿ ಅನ್ನುವುದನ್ನು ಅವನು ಒಪ್ಪಲೇ ಇಲ್ಲ, ‘ಅಷ್ಟಕ್ಕೆಲ್ಲ ಏನೂ ಆಗಲ್ಲ ಮಾಮ’ ಅಂದ. ಸರಿ, ನೋಡೇ ಬಿಡೋಣ ಅಂದೆ.

ಅವನ ವಯಸ್ಸಿನವರು ಅಲ್ಲಿ ಎಸೆಯುವುದು 46 ಅಡಿಯಿಂದ. ಗುರುವಾರ ಮಳೆ ಎರಡು ಗಂಟೆ ಬಿಡುವು ಕೊಟ್ಟಿತು. ಅಡಿಕೆ ಚಪ್ಪರದ ಕಂಬಕ್ಕೆ ಒಂದು ಅಗಲವಾದ ಅಡಿಕೆ ಹಾಳೆ ಕಟ್ಟಿದೆ, ಹುಡುಗನ ಮೊಣಕಾಲಿನಿಂದ ಎದೆಯ ಎತ್ತರಕ್ಕೆ. ಟೇಪ್ ಹಿಡಿದು 46ಕ್ಕೆ ಒಂದು ದಬ್ಬೆ ತುಂಡು ಹುಗಿದೆ. ಹತ್ತು ಎಸೆತದಲ್ಲಿ ಏಳು ಸಲ ಹಾಳೆಗೆ ಬಡಿಯಿತು. ಆಮೇಲೆ ದಬ್ಬೆಯನ್ನು ಐದು ಅಡಿ ಹಿಂದೆ ಹುಗಿದೆ. ಹತ್ತರಲ್ಲಿ ಎರಡು! ಒಂದು ಕೊಟ್ಟಿಗೆಯ ಹೆಂಚಿಗೆ ಹೋಯಿತು, ಇನ್ನೊಂದು ಅಮ್ಮನ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಹಾದುಹೋಯಿತು. ಅಮ್ಮ ಒಳಗಿನಿಂದ ಬಂದು ನಮ್ಮಿಬ್ಬರನ್ನೂ ಒಟ್ಟಿಗೆ ಬೈದಳು. ನನಗೆ ನಲವತ್ತೊಂದು ವರ್ಷ.

ಹುಡುಗ ಮಾತಾಡಲಿಲ್ಲ. ಶುಕ್ರವಾರ ತಾನೇ ಎದ್ದು ಹೋಗಿ ಜಿಟಿಜಿಟಿ ಮಳೆಯಲ್ಲೇ ಎಸೆದ. ಮೂರು. ಶನಿವಾರ ಐದು. ಐದನೆಯದು ಬಡಿದಾಗ ಅವನೇ ತಿರುಗಿ ಹೇಳಿದ, ‘ಬಂಪಸ್‌ಗೆ ಇನ್ನೊಂದು ವಾರ ಕೊಡಬೇಕಿತ್ತು.’

ಅಂದ ಹಾಗೆ ಬಂಪಸ್ ಎದುರಿಗೆ ಒಂದೂ ಹಿಟ್ ಕಾಣದ ಅದೇ ಪಿಟ್ಸ್‌ಬರ್ಗ್ ತಂಡ 2008ರಲ್ಲಿ ನಮ್ಮ ದೇಶದ ಇಬ್ಬರು ಹುಡುಗರನ್ನು ಕರೆಸಿಕೊಂಡಿತ್ತಂತೆ, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಜಾವೆಲಿನ್ ಎಸೆಯುತ್ತಿದ್ದವರು, ಬೇಸ್‌ಬಾಲ್ ಮುಟ್ಟಿದವರೇ ಅಲ್ಲ. ಮೇಜರ್ ಲೀಗ್‌ವರೆಗೆ ಇಬ್ಬರೂ ತಲುಪಲಿಲ್ಲ. ಅವರ ಬಗ್ಗೆ ಬೇರೆ ಪ್ರಶ್ನೆ ಹಾಕುತ್ತೇನೆ.

ತುಂಗಾತೀರದ ಪಿಟಿ ಮೇಷ್ಟ್ರು:

ಬಹಳ ಖುಷಿ ಆಯಿತು. ಆದರೆ ಹುಡುಗನ ಭುಜ ಜೋಪಾನ. ಆ ವಯಸ್ಸಿನಲ್ಲಿ ಹಟಕ್ಕೆ ಬಿದ್ದು ದಿನವೂ ಎಸೆಯಬಾರದು, ನಡುವೆ ಒಂದೆರಡು ದಿನ ಕೈಗೆ ರಜೆ ಕೊಡಿ.

ಸಾಗರದ ಮಾಣಿ:

ಅವನು ಭಾನುವಾರವೇ ಹೊರಟ ಮೇಷ್ಟ್ರೇ. ಈಗ ಎಸೆಯುತ್ತಿರುವುದು ನಾನು. 60 ಅಡಿ 6 ಇಂಚಿನಿಂದ, ಹತ್ತರಲ್ಲಿ ಸೊನ್ನೆ. ಭರಣಿ ಒಳಗೆ ಇಟ್ಟಿದ್ದೇವೆ.